ಇಸವಿ ಬರೆದ ಬೋರ್ಡುಗಳು

ಅಲಾಸ್ಕಾದ ಸೀವರ್ಡ್‌ಗೆ ಹೋದವರು ಮೊದಲು ವಿಚಾರಿಸುವುದು ದೋಣಿ ಟಿಕೆಟ್ಟು. ತಪ್ಪೇನಿಲ್ಲ. ಕೀನೈ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನದ ಬಹುಪಾಲು ಜಾಗಕ್ಕೆ ರಸ್ತೆಯೇ ಇಲ್ಲ. ಐಯಾಲಿಕ್, ಹೋಲ್ಗೇಟ್ ಹಿಮನದಿಗಳು ಸಮುದ್ರಕ್ಕಿಳಿಯುವ ಜಾಗ ನೋಡಬೇಕೆಂದರೆ ನೀರಿನ ಮೇಲೇ ಹೋಗಬೇಕು. ನೀಲಿ ಗೋಡೆಯಿಂದ ಮನೆಯಷ್ಟು ದೊಡ್ಡ ತುಂಡು ಕಳಚಿ ಬೀಳುವುದು ಕಣ್ಣಿಗೆ ಕಂಡಾಗಿರುತ್ತದೆ, ಸದ್ದು ಇನ್ನೂ ದಾರಿಯಲ್ಲಿರುತ್ತದೆ. ಆಮೇಲೆ ಅಲೆ. ತೇಲುವ ಮಂಜುಗಡ್ಡೆಗಳ ಮೇಲೆ ಸೀಲ್‌ಗಳು ಮೈಚೆಲ್ಲಿ ಬಿದ್ದಿರುತ್ತವೆ.

ಆದರೂ ನನ್ನ ಓಟು ಎಕ್ಸಿಟ್ ಹಿಮನದಿಗೆ. ಇಡೀ ಉದ್ಯಾನದಲ್ಲಿ ಕಾರು ಹೋಗುವುದು ಅಲ್ಲಿಗೆ ಮಾತ್ರ. ದಾರಿಯುದ್ದಕ್ಕೂ ಸಣ್ಣ ಬೋರ್ಡುಗಳಿವೆ, ಬರೆದಿರುವುದು ಬರೀ ಇಸವಿ. 1815, ಮುಂದೆ 1917, 1926, 1951. ಆಯಾ ವರ್ಷ ಹಿಮದ ಅಂಚು ಅಲ್ಲಿಯವರೆಗೆ ಚಾಚಿತ್ತು. ಈಗ ಅಲ್ಲೆಲ್ಲ ಮರಗಳೆದ್ದಿವೆ. 2015ರಲ್ಲಿ ಒಬಾಮಾ ಹವಾಮಾನ ಬದಲಾವಣೆಯ ಮಾತಾಡಲು ಬಂದದ್ದೂ ಇಲ್ಲಿಗೇ. ನೂರು ಪುಟದ ವರದಿ ಓದಿಸುವುದಕ್ಕಿಂತ ಈ ಬೋರ್ಡುಗಳ ಪಕ್ಕ ನಡೆಸುವುದು ವಾಸಿ.

ಕಾಲು ಗಟ್ಟಿ ಇದ್ದವರು ಅಲ್ಲಿಂದಲೇ ಹಾರ್ಡಿಂಗ್ ಹಿಮಬಯಲಿನ ಅಂಚಿಗೆ ಹತ್ತಬಹುದು. ಹೋಗಿ ಬರಲು ಸುಮಾರು 13 ಕಿಲೋಮೀಟರ್, ಕಡಿದಾದ ಏರು, ಇಡೀ ದಿನದ ಕೆಲಸ. ಮೇಲೆ ಮುಟ್ಟಿದರೆ ಸುಮಾರು 1,800 ಚದರ ಕಿಲೋಮೀಟರ್ ಹರಡಿದ ಮಂಜಿನ ಒಂದು ತುದಿ ಕಾಣುತ್ತದೆ. ಜುಲೈನಲ್ಲೂ ಮಳೆ ಅಂಗಿ ಬೇಕು. ಕರಡಿಗಳ ಸೀಮೆ ಬೇರೆ. ಪೊದೆಗಳಿರುವ ಕಡೆ ಜೋರಾಗಿ ಮಾತಾಡುತ್ತಾ ನಡೆಯಿರಿ ಎನ್ನುತ್ತಾರೆ. ನಮ್ಮವರಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ ಬಿಡಿ.