ಮೂರು ಅಂಕ

ಬ್ಯಾಂಕಿನ ಕೆಲಸಕ್ಕೆಂದು ನಾನು ಮುಂಬಯಿಗೆ ಬಂದದ್ದು 1981ರಲ್ಲಿ. ಕುಂದಾಪುರದ ಕಡೆಯವನಾದ ನನಗೆ ಸಮುದ್ರ ಹೊಸತಲ್ಲ, ಮಳೆಯೂ ಹೊಸತಲ್ಲ. ಹೊಸತಾಗಿ ಕಂಡದ್ದು ಆಜಾದ್ ಮೈದಾನ. ವಿ.ಟಿ. ಸ್ಟೇಷನ್ನಿನಿಂದ ಹೊರಗೆ ಬಿದ್ದು ನಾಲ್ಕು ಹೆಜ್ಜೆ ನಡೆದರೆ ಸಾಕು, ಒಂದೇ ಮೈದಾನದಲ್ಲಿ 22 ಪಿಚ್ಚುಗಳು! ಒಂದು ಪಂದ್ಯದ ಫೀಲ್ಡರ್ ಇನ್ನೊಂದು ಪಂದ್ಯದ ಅಂಪೈರಿಗೆ ಬೆನ್ನು ತಾಗಿಸಿಕೊಂಡು ನಿಂತಿರುತ್ತಾನೆ. ಯಾರ ಚೆಂಡು ಯಾರ ಪಂದ್ಯದ್ದು ಅಂತ ಅವರಿಗೆ ಹೇಗೆ ಗೊತ್ತಾಗುತ್ತದೋ, ಆ ದೇವರೇ ಬಲ್ಲ. ಊರಲ್ಲಿ ಗದ್ದೆ ಕೊಯ್ಲಾದ ಮೇಲೆ ತೆಂಗಿನ ಹೆಡೆಮಂಡೆಯನ್ನು ಬ್ಯಾಟು ಮಾಡಿಕೊಂಡು ಆಡಿದ್ದ ನಾನು ಸಂಜೆ ಲೋಕಲ್ ಹಿಡಿಯುವ ಮೊದಲು ಅಲ್ಲಿ ಅರ್ಧ ಗಂಟೆ ನಿಲ್ಲುವುದನ್ನು ಅಭ್ಯಾಸ ಮಾಡಿಕೊಂಡೆ. ಮನೆ ಬಿಟ್ಟು ಬಂದ ಬೇಸರಕ್ಕೆ ಅದೇ ಮದ್ದು.

ಊರಿನ ಓದುಗರಿಗೆ ಒಂದು ಮಾತು ಹೇಳಬೇಕು. ಆಗೆಲ್ಲ ಈ ನಗರದಲ್ಲಿ ಕ್ರಿಕೆಟ್ ಆಡುವ ಹುಡುಗನ ಕನಸಿನಲ್ಲಿ ಟೆಸ್ಟ್ ಕ್ಯಾಪಿನ ಜೊತೆಗೆ ಒಂದು ನೌಕರಿಯೂ ಇರುತ್ತಿತ್ತು. ಐಪಿಎಲ್ ಶುರುವಾದದ್ದು 2008ರಲ್ಲಿ. ಅದಕ್ಕೆ ಮೊದಲು ಆಟದಿಂದ ಹೊಟ್ಟೆ ತುಂಬುವ ದಾರಿ ಎಂದರೆ ಬ್ಯಾಂಕು ಇಲ್ಲವೇ ಕಂಪನಿಯ ಟೀಮು. 1971ರಲ್ಲಿ ವೆಸ್ಟ್ ಇಂಡೀಸ್ ಮತ್ತು ಇಂಗ್ಲೆಂಡ್ ಎರಡೂ ಕಡೆ ಸರಣಿ ಗೆದ್ದು ಬಂದ ಕ್ಯಾಪ್ಟನ್ ಅಜಿತ್ ವಾಡೇಕರ್ ಸ್ಟೇಟ್ ಬ್ಯಾಂಕಿನ ಅಧಿಕಾರಿಯಾಗಿದ್ದವರು. ಕಚೇರಿ ತಂಡಗಳ ನಡುವಿನ ಟೈಮ್ಸ್ ಶೀಲ್ಡ್ ಪಂದ್ಯ ನೋಡಲು ಜನ ರಜೆ ಹಾಕಿ ಹೋಗುತ್ತಿದ್ದರು. ಕ್ರೀಡಾ ಕೋಟಾದಲ್ಲಿ ಕ್ಲರ್ಕ್ ಹುದ್ದೆ ಸಿಕ್ಕಿತೆಂದರೆ ಒಂದು ಚಾಳಿನ ಕೋಣೆಯ ಹಣೆಬರಹವೇ ಬದಲಾದಂತೆ.

1996ರ ಅಕ್ಟೋಬರಿನಲ್ಲಿ ಆ ಹಣೆಬರಹ ಬರೆಯುವ ಪೆನ್ಸಿಲು ನನ್ನ ಕೈಗೆ ಬಂತು. ನಮ್ಮ ಬ್ಯಾಂಕಿನಲ್ಲಿ ಎರಡು ಹುದ್ದೆ ಖಾಲಿ ಇದ್ದವು. ಆಯ್ಕೆಗೆ ಮೂರು ಜನ: ಹಿಂದೆ ರಣಜಿ ಆಡಿದ್ದ ನಮ್ಮ ಸಹೋದ್ಯೋಗಿ ಒಬ್ಬರು, ದಾದರಿನ ಒಬ್ಬ ಕೋಚು, ಮತ್ತು ಪರ್ಸನಲ್ ಡಿಪಾರ್ಟ್‌ಮೆಂಟಿನಿಂದ ನಾನು. ನಾನು ಆಟಗಾರನಲ್ಲ, ಕಾಗದಪತ್ರ ಸರಿಯಾಗಿರಲಿ ಅಂತ ಕೂರಿಸಿದ್ದು. ಆದರೆ ಎಂ.ಕಾಂ. ಓದಿದವನಿಗೆ ಟೇಬಲ್ಲು ಹಾಕದೆ ಸಮಾಧಾನ ಇರುತ್ತದೆಯೇ? ಐದು ಕಾಲಮ್ಮು ಮಾಡಿದೆ: ತಂತ್ರ, ಹಿಂದಿನ ದಾಖಲೆ, ಫೀಲ್ಡಿಂಗು, ಮೈಕಟ್ಟು, ಮನೋಬಲ. ತಲಾ 20 ಅಂಕ. ಒಬ್ಬೊಬ್ಬರದು ನೂರು, ಮೂವರದು ಸೇರಿ ಮುನ್ನೂರು. ಇಬ್ಬರೂ ಹಿರಿಯರು "ವಾಹ್" ಅಂದರು. ನನಗೂ ಸ್ವಲ್ಪ ಜಂಬವೇ ಆಯಿತು.

ಮೊದಲ ದಿನ ಮಧ್ಯಾಹ್ನದೊಳಗೇ ನನ್ನ ಟೇಬಲ್ಲಿನ ಬಂಡವಾಳ ಗೊತ್ತಾಯಿತು. ಎರಡನೇ ಕಾಲಮ್ಮು, ಹಿಂದಿನ ದಾಖಲೆ, ಸುಲಭ ಅಂದುಕೊಂಡಿದ್ದೆ. ರನ್ನು ರನ್ನೇ ಅಲ್ಲವೇ? ಕೋಚ್ ನಕ್ಕರು. ಸ್ಕೂಲ್ ಕ್ರಿಕೆಟಿನಲ್ಲಿ ಯಾವ ಹುಡುಗನಿಗೆ ಮೊದಲು ಮೀಸೆ ಬರುತ್ತದೋ ಅವನೇ ಸೆಂಚುರಿ ಹೊಡೆಯುತ್ತಾನೆ, ಮೂರು ವರ್ಷ ಕಳೆದು ಉಳಿದವರೂ ಅವನೆತ್ತರ ಬೆಳೆದ ಮೇಲೆ ನೋಡಿ ಅಂದರು. ಮಳೆಗಾಲದಲ್ಲಿ ನಡೆಯುವ ಕಾಂಗಾ ಲೀಗಿನ ಒದ್ದೆ ಪಿಚ್ಚಿನಲ್ಲಿ ಹೊಡೆದ 30 ರನ್ನು, ಒಣ ಪಿಚ್ಚಿನ ನೂರಕ್ಕಿಂತ ತೂಕದ್ದು ಅಂತಲೂ ಹೇಳಿದರು. ನನ್ನ ಕಾಗದದಲ್ಲಿ ಮೂವತ್ತು ಮೂವತ್ತೇ, ನೂರು ನೂರೇ.

ಇದಕ್ಕೆ ನಮ್ಮವರದೇ ಉದಾಹರಣೆ ಇದೆ. ಜಿ. ಆರ್. ವಿಶ್ವನಾಥ್ 1969ರಲ್ಲಿ ಕಾನ್ಪುರದಲ್ಲಿ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಅಂಕಪಟ್ಟಿಯನ್ನು ಮೊದಲ ಇನ್ನಿಂಗ್ಸಿಗೇ ಕಟ್ಟಿ ಸೀಲು ಹಾಕಿದ್ದರೆ? ನೆಟ್ಸಿನಲ್ಲಿ ಒಬ್ಬೊಬ್ಬನಿಗೆ ಹನ್ನೆರಡು ಚೆಂಡು ಕೊಟ್ಟು ನಾವು ಮಾಡುತ್ತಿದ್ದದ್ದು ಅದನ್ನೇ.

ಎರಡನೇ ದಿನ ಒಬ್ಬ ಎಡಗೈ ಸ್ಪಿನ್ನರ್ ಬಂದ. ಹತ್ತೊಂಬತ್ತು ವರ್ಷ, ಸಣಕಲು ಮೈ, ಡೊಂಬಿವಲಿಯಿಂದ ಬೆಳಿಗ್ಗೆ ಐದರ ಲೋಕಲ್ ಹಿಡಿದು ಬಂದವನು. ಬ್ಯಾಟ್ಸ್‌ಮನ್ ಅವನನ್ನು ಎತ್ತಿ ಬಾರಿಸಿದ. ಚೆಂಡು ನೆಟ್ಸಿನ ಮೇಲಿಂದ ಹಾರಿ ರಸ್ತೆ ಕಡೆ ಹೋಯಿತು. ಮುಂದಿನ ಚೆಂಡನ್ನು ಸಾಮಾನ್ಯವಾಗಿ ಹುಡುಗರು ಹೆದರಿ ಚಪ್ಪಟೆಯಾಗಿ ಎಸೆಯುತ್ತಾರೆ. ಇವನು ಅದಕ್ಕಿಂತ ಒಂದು ಗೇಣು ಮೇಲೆ ತೇಲಿಸಿದ. ಬ್ಯಾಟ್ಸ್‌ಮನ್ ಮುಂದೆ ಬಂದ, ತಪ್ಪಿದ, ಸ್ಟಂಪು ಬಿತ್ತು. ಮನೋಬಲದ ಕಾಲಮ್ಮಿನಲ್ಲಿ ನಾನು 16 ಬರೆದೆ. ಆ ಎರಡು ದಿನದಲ್ಲಿ ಬೇರೆ ಯಾರಿಗೂ ಅಷ್ಟು ಕೊಟ್ಟಿರಲಿಲ್ಲ.

ಬೌಲಿಂಗ್ ಮುಗಿಸಿ ಹುಡುಗ ಹಗ್ಗದ ಆಚೆ ನಿಂತಿದ್ದ ತಂದೆಯ ಹತ್ತಿರ ಹೋದ. "ಅಪ್ಪಯ್ಯ, ಸಮ ಆಯ್ತಾ?" ಅಂತ ಕೇಳಿದ್ದು ನನ್ನ ಕಿವಿಗೆ ಬಿತ್ತು. ಅಚ್ಚ ಕುಂದಾಪುರದ ಮಾತು. ತಲೆಯೆತ್ತಿ ನೋಡಿದರೆ ತಂದೆ ನನ್ನ ಗುರುತಿನವರೇ! ಫೋರ್ಟಿನಲ್ಲಿ ನಾನು ದಿನಾ ಕಾಫಿ ಕುಡಿಯುವ ಉಡುಪಿ ಹೋಟೆಲಿನ ವೇಟರು. ಹುಡುಗನಾಗಿದ್ದಾಗ ಊರು ಬಿಟ್ಟು ಬಂದು, ಹಗಲು ಕಪ್ಪು ಬಸಿ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು. "ಓ, ಮ್ಯಾನೇಜರ್ರು ನೀವಿದ್ರಾ ಇಲ್ಲಿ!" ಎಂದು ಅವರ ಮುಖ ಅರಳಿತು. ನನ್ನ ಪಕ್ಕದಲ್ಲಿದ್ದ ಮಾಜಿ ಆಟಗಾರರು ಮೊಣಕೈಯಿಂದ ತಿವಿದು ಮರಾಠಿಯಲ್ಲಿ, "ಹಾ ತರ್ ತುಮ್ಚಾ ಮಾಣೂಸ್!" ಅಂದರು. ಇವನು ನಿಮ್ಮವನೇ ಅಂತ. ಅವರು ತಮಾಷೆಗೆ ಅಂದದ್ದು. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ.

ನನ್ನ ಮನಸ್ಸಿನಲ್ಲಿ ಇತ್ತು. ಹದಿನೈದು ವರ್ಷ ಪರವೂರಿನಲ್ಲಿ ಇದ್ದವನಿಗೆ ಒಂದು ಅಭ್ಯಾಸ ಆಗಿರುತ್ತದೆ: ಯಾರೂ ಬೆರಳು ತೋರಿಸಬಾರದು. ಇವರು ತಮ್ಮ ಕಡೆಯವರನ್ನೇ ತುಂಬುತ್ತಾರೆ ಎಂಬ ಮಾತು ಹೊರಗಿನಿಂದ ಬಂದವರೆಲ್ಲ ಒಂದಲ್ಲ ಒಂದು ದಿನ ಕೇಳಿಯೇ ಇರುತ್ತಾರೆ. ಊಟಕ್ಕೆ ಏಳುವ ಮೊದಲು ರಬ್ಬರು ತೆಗೆದು 16 ಅಳಿಸಿದೆ, 13 ಬರೆದೆ. ಆಗ ನನಗೆ ಅದು ಪ್ರಾಮಾಣಿಕತೆ ಅನ್ನಿಸಿತ್ತು. ನಿಜ ಹೇಳುತ್ತೇನೆ, ಸ್ವಲ್ಪ ಹೆಮ್ಮೆಯೂ ಆಗಿತ್ತು.

ಸಂಜೆ ಕೂಡಿಸಿ ನೋಡಿದೆ. ಎರಡನೆಯವನಿಗೆ 221. ನಮ್ಮ ಹುಡುಗನಿಗೆ 219. ಮೂರನೆಯವನು. ಹುದ್ದೆ ಎರಡೇ.

ಆಮೇಲೆ ಆ ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದೆ. ಅಲ್ಲಿಯ ಕಾಫಿ ಕೆಟ್ಟಿದೆ ಅಂತ ಸಹೋದ್ಯೋಗಿಗಳಿಗೆ ಸುಳ್ಳು ಹೇಳಿದೆ. ಮೊದಲ ಸ್ಥಾನದವನು ಮೂರು ವರ್ಷ ಆಡಿ ಮಂಡಿ ನೋವಿಗೆ ಆಟ ಬಿಟ್ಟ, ಒಳ್ಳೆಯ ಕ್ಯಾಷಿಯರ್ ಆದ. ಎರಡನೆಯವನು ಬ್ಯಾಂಕಿನ ಟೀಮಿನಲ್ಲಿ ಎಂಟು ವರ್ಷ ಆಡಿದ. ಇಬ್ಬರೂ ಅಯೋಗ್ಯರಲ್ಲ, ಅವರ ಕೆಲಸ ಅವರು ಸರಿಯಾಗಿಯೇ ಮಾಡಿದರು. ಅದರಿಂದ ನನ್ನ ಲೆಕ್ಕ ಸರಿಹೋಗಲಿಲ್ಲ.

ನಿವೃತ್ತಿಗೆ ಮೊದಲೊಮ್ಮೆ ರಜೆ ಹಾಕಿ ಅಮೆರಿಕದಲ್ಲಿ ಮಗನ ಮನೆಯಲ್ಲಿ ಎರಡು ತಿಂಗಳು ಇದ್ದೆ. ಅಲ್ಲಿ ಟಿ.ವಿ.ಯಲ್ಲಿ ಬೇಸ್‌ಬಾಲ್ ನೋಡಿ ನೋಡಿ, ಅವರು ಹುಡುಗರನ್ನು ಹೇಗೆ ಆರಿಸುತ್ತಾರೆ ಎಂಬ ಕುತೂಹಲ ಹುಟ್ಟಿತು. ಅವರ ಸ್ಕೌಟುಗಳು 20ರಿಂದ 80ರ ಅಳತೆಯಲ್ಲಿ ಅಂಕ ಕೊಡುತ್ತಾರೆ. ದೊಡ್ಡ ಲೀಗಿನ ಸಾಧಾರಣ ಆಟಗಾರನಿಗೆ 50. ನನಗೆ ಹಿಡಿಸಿದ್ದೆಂದರೆ, ಒಂದೊಂದು ಗುಣಕ್ಕೂ ಅವರು ಎರಡು ಅಂಕ ಬರೆಯುತ್ತಾರೆ: ಹುಡುಗ ಇವತ್ತು ಎಷ್ಟು, ಮುಂದೆ ಎಷ್ಟಾಗಬಹುದು. ಸಾಲ ಕೊಡುವಾಗ ನಾವೂ ಇದನ್ನೇ ಮಾಡುತ್ತಿದ್ದೆವಲ್ಲ, ಇವತ್ತಿನ ಆಸ್ತಿ ಬೇರೆ, ನಾಳೆಯ ದುಡಿಮೆ ಬೇರೆ! ಆದರೂ ಅವರಿಗೂ ಲೆಕ್ಕ ತಪ್ಪುತ್ತದೆ. 1991ರ ಆಯ್ಕೆಯಲ್ಲಿ ಎಲ್ಲರಿಗಿಂತ ಮೊದಲು ಆರಿಸಿದ ಬ್ರಯನ್ ಟೇಲರ್ ಭುಜದ ಪೆಟ್ಟಿನಿಂದಾಗಿ ದೊಡ್ಡ ಲೀಗಿನಲ್ಲಿ ಒಂದೂ ಪಂದ್ಯ ಆಡಲಿಲ್ಲ. 1988ರಲ್ಲಿ 1,390ನೆಯವನಾಗಿ ಆಯ್ಕೆಯಾದ ಮೈಕ್ ಪಿಯಾಜಾ 2016ರಲ್ಲಿ ಅವರ ಹಾಲ್ ಆಫ್ ಫೇಮ್ ಸೇರಿದ.

ನಮ್ಮ ಮುಂಬಯಿಯದೇ ಕತೆ ನೋಡಿ. 1988ರ ಫೆಬ್ರವರಿಯಲ್ಲಿ ಇದೇ ಆಜಾದ್ ಮೈದಾನದಲ್ಲಿ ಹ್ಯಾರಿಸ್ ಶೀಲ್ಡಿನ ಸೆಮಿಫೈನಲ್ಲು. ಶಾರದಾಶ್ರಮದ ಸಚಿನ್ ತೆಂಡೂಲ್ಕರ್ 326, ವಿನೋದ್ ಕಾಂಬ್ಳಿ 349, ಇಬ್ಬರೂ ಔಟಾಗದೆ 664 ರನ್ನು ಸೇರಿಸಿದರು. ಅವರ ಹಿಂದೆ ಬ್ಯಾಟಿಂಗಿಗೆ ಪ್ಯಾಡು ಕಟ್ಟಿಕೊಂಡು ಕಾದು ಕೂತಿದ್ದ ಹುಡುಗ ಅಮೋಲ್ ಮಜುಂದಾರ್. ರಣಜಿಯ ಮೊದಲ ಪಂದ್ಯದಲ್ಲೇ 260 ಹೊಡೆದ. ಪ್ರಥಮ ದರ್ಜೆಯಲ್ಲಿ 11 ಸಾವಿರದ ಮೇಲೆ ರನ್ನು ಮಾಡಿದ. ಭಾರತಕ್ಕೆ ಒಂದು ಪಂದ್ಯವೂ ಆಡಲು ಸಿಗಲಿಲ್ಲ. ಇನ್ನೊಂದು ಕಡೆ, 2016ರ ಜನವರಿಯಲ್ಲಿ ಕಲ್ಯಾಣಿನಲ್ಲಿ ಪ್ರಣವ್ ಧನವಡೆ ಎಂಬ ಶಾಲಾ ಹುಡುಗ ಒಂದೇ ಇನ್ನಿಂಗ್ಸಿನಲ್ಲಿ 1,009 ಹೊಡೆದಾಗ ದೇಶವೆಲ್ಲ ಅವನನ್ನು ಹೊತ್ತು ಮೆರೆಸಿತು. ಆ ಒಂದು ಅಂಕಿಯ ಭಾರವನ್ನು ಮಗು ಹೊರಬೇಕಾಯಿತು. ಸಾಲಿನಲ್ಲಿ ನಿಲ್ಲಿಸುವವರಿಗೆ ಐದು ನಿಮಿಷದ ಕೆಲಸ. ನಿಂತವರಿಗೆ ಹಾಗಲ್ಲ.

2019ರಲ್ಲಿ ಡೊಂಬಿವಲಿಯಲ್ಲಿ ಒಂದು ಉಪನಯನದ ಊಟಕ್ಕೆ ಹೋಗಿದ್ದೆ. ಅಡುಗೆಯ ಮೇಲುಸ್ತುವಾರಿ ನೋಡುತ್ತಿದ್ದ ನಲವತ್ತು ದಾಟಿದ ಮನುಷ್ಯ ಎಡಗೈಯಲ್ಲಿ ಸೌಟು ಹಿಡಿದು ಪಾಯಸ ಬಡಿಸುತ್ತ ಬಂದ. ನನ್ನ ಎಲೆಯ ಮುಂದೆ ನಿಂತು, "ಕ್ರಾಸ್ ಮೈದಾನ, ನೈಂಟಿ ಸಿಕ್ಸ್. ಗುರ್ತಾಯ್ತಾ ಸಾರ್?" ಅಂದ. ತುತ್ತು ಗಂಟಲಲ್ಲೇ ನಿಂತಿತು.

ಊಟದ ಮೇಲೆ ಹೊರಗೆ ಕುರ್ಚಿ ಹಾಕಿಕೊಂಡು ಕೂತೆವು. ಕೆಲವು ವರ್ಷ ಕಾಂಗಾ ಲೀಗ್ ಆಡಿ ಕೇಟರಿಂಗ್ ಹಿಡಿದನಂತೆ. ಈಗ ಭಾನುವಾರ ಬೆಳಿಗ್ಗೆ ಒಂದು ಶಾಲೆಯ ಮೈದಾನದಲ್ಲಿ ಮಕ್ಕಳಿಗೆ ಹೇಳಿಕೊಡುತ್ತಾನಂತೆ. ಇನ್ನು ತಡೆಯಲಾಗದೆ ನಾನು ಎಲ್ಲ ಹೇಳಿಬಿಟ್ಟೆ. ಹದಿನಾರು, ರಬ್ಬರು, ಹದಿಮೂರು. ಅವನು ನಗಬಹುದು ಅಥವಾ ಬೈಯಬಹುದು ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಪ್ಪಯ್ಯ ಮತ್ತೆ ಎಂಟು ವರ್ಷ ಟೇಬಲ್ ಒರೆಸಿದ್ರು ಸಾರ್. ಎರಡು ಸಾವಿರದ ನಾಲ್ಕರಲ್ಲಿ ಊರಿಗೆ ಹೋದ್ರು," ಅಂದ. ಸಿಟ್ಟಿಲ್ಲದ ದನಿ. ಲೆಡ್ಜರ್ ಓದಿ ಹೇಳಿದ ಹಾಗೆ.

ಆಮೇಲೆ ತಾನಾಗಿಯೇ ತನ್ನ ಪುಸ್ತಕದ ವಿಷಯ ತೆಗೆದ. ಅವನು ಮಕ್ಕಳಿಗೆ ಒಂದು, ಎರಡು, ಮೂರು ಅಂತ ನಂಬರ್ ಕೊಡುವುದಿಲ್ಲ. ತಿಂಗಳಿಗೊಮ್ಮೆ ಒಬ್ಬೊಬ್ಬರ ಹೆಸರಿನ ಕೆಳಗೆ ಎರಡು ಸಾಲು ಬರೆಯುತ್ತಾನೆ: ಹೋದ ತಿಂಗಳು ಏನು ಬರುತ್ತಿರಲಿಲ್ಲ, ಈಗ ಏನು ಬರುತ್ತದೆ. ಟೀಮು ಆರಿಸುವ ಹೊತ್ತಿಗೆ ಮಾತ್ರ ಸಾಲು ಮಾಡಲೇಬೇಕು, ಅದು ತಪ್ಪಿದ್ದಲ್ಲ. ಆಗ ಅವನ ತಂಗಿಯ ಮಗನೂ ಆ ಸಾಲಿನಲ್ಲಿದ್ದ. "ಅವ್ನ ಅಂಕ ನಾನ್ ಹಾಕುದಿಲ್ಲ. ಬೇರೆ ಕೋಚಿಗೆ ಕೊಡ್ತೆ. ಇವ ನಮ್ಮನೆ ಹುಡ್ಗ ಅಂತ ಮೊದ್ಲೇ ಹೇಳ್ತೆ," ಅಂದ.

ನನಗೆ ಕಪಾಳಕ್ಕೆ ಬಿಗಿದ ಹಾಗಾಯಿತು. ಸಂಬಂಧಿಕರ ಸಾಲದ ಅರ್ಜಿ ಮೇಜಿಗೆ ಬಂದರೆ ಮಂಜೂರು ಮಾಡಬಾರದು, ಮೇಲಧಿಕಾರಿಗೆ ಕಳಿಸಬೇಕು ಎಂಬುದು ನಮ್ಮ ಬ್ಯಾಂಕಿನ ನಿಯಮ. ಅರ್ಜಿ ಕಳಿಸಿ ಅಂತ ಇದೆ, ಹರಿದು ಹಾಕಿ ಅಂತ ಇಲ್ಲ. ನಮ್ಮವನೆಂದು ಮೂರು ಅಂಕ ಹೆಚ್ಚು ಕೊಡುವುದು ಅನ್ಯಾಯವಾದರೆ, ನಮ್ಮವನೆಂದು ಮೂರು ಅಂಕ ಕಡಿಯುವುದೂ ಅನ್ಯಾಯವೇ. "ಹೌದು, ಇವನು ನಮ್ಮೂರವನು. ಇವನದನ್ನು ನೀವಿಬ್ಬರೇ ಹಾಕಿ, ನನ್ನದನ್ನು ಬಿಡಿ," ಎಂದು ಅವತ್ತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹುಡುಗನ ಮನೋಬಲದ ಕಾಲಮ್ಮಿನಲ್ಲಿ ನಾನು ಬರೆದ ಹದಿಮೂರು ನನ್ನ ಪುಕ್ಕಲುತನಕ್ಕೆ ಸಿಕ್ಕ ಅಂಕ.

ಅವನೇ ಕರೆದ, "ಸಾರ್, ರಿಟೈರ್ ಆಗಿ ಮನೇಲಿ ಎಂತ ಮಾಡ್ತ್ರಿ, ಬನ್ನಿ" ಅಂತ. ಕೊರೋನಾ ಕಾಲ ಬಿಟ್ಟರೆ ಅಂದಿನಿಂದ ತಿಂಗಳಿಗೆರಡು ಭಾನುವಾರ ಮುಲುಂಡಿನಿಂದ ಡೊಂಬಿವಲಿಗೆ ಹೋಗುತ್ತೇನೆ. ಸ್ಕೋರು ಬರೆಯುವುದು, ಎರಡು ಸಾಲು ಬರೆಯುವುದು ನನ್ನ ಕೆಲಸ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ನಮ್ಮ ಹೆಣ್ಣುಮಕ್ಕಳು ವಿಶ್ವಕಪ್ ಗೆದ್ದರಲ್ಲ, ಆ ತಂಡದ ಕೋಚು ಯಾರು? ಅಂದು ಪ್ಯಾಡು ಕಟ್ಟಿಕೊಂಡು ಕಾದ ಅದೇ ಅಮೋಲ್ ಮಜುಂದಾರ್. ಆಟಗಾರರಿಗೆ ಅಂಕ ಹಾಕುವ ಯಾವ ಪಟ್ಟಿಯಲ್ಲಿ ಇದಕ್ಕೊಂದು ಕಾಲಮ್ಮಿತ್ತು ಹೇಳಿ!

ಅದಾದ ಮೇಲೆ ನಮ್ಮ ನೆಟ್ಸಿಗೂ ಹುಡುಗಿಯರು ಬರತೊಡಗಿದ್ದಾರೆ. ಮೊನ್ನೆ ಹತ್ತು ವರ್ಷದ ಒಬ್ಬಳು ಕೀಪಿಂಗ್ ಗ್ಲೌಸ್ ಕಳಚುತ್ತ ತಾಯಿಗೆ, "ಅಮ್ಮ, ನೀರ್ ಕೊಡ್" ಅಂದಳು. ಬರೆಯುತ್ತಿದ್ದ ಪೆನ್ಸಿಲು ನಿಂತಿತು. ಪುಸ್ತಕವನ್ನು ಅವಳ ಹೆಸರಿನ ಪುಟಕ್ಕೆ ಮಡಚಿ ಪಕ್ಕದಲ್ಲಿದ್ದ ಮರಾಠಿ ಕೋಚಿನ ಕೈಗೆ ಕೊಟ್ಟು, "ಇವಳು ನಮ್ಮೂರಿನವಳು. ಇವಳದ್ದು ನೀವು ಬರೀರಿ," ಎಂದೆ. ಅವರು ಏನೂ ಕೇಳಲಿಲ್ಲ. ಬರೆದು ವಾಪಸು ಕೊಟ್ಟರು. ನಾನು ಮುಂದಿನ ಮಗುವಿನ ಪುಟ ತಿರುವಿದೆ.