ಮುಂಗಾಲು ಮುರಿದ ಜೀಪು

ಮೈಸೂರಿನಿಂದ ಹೆಗ್ಗಡದೇವನಕೋಟೆಗೆ ಹೋಗುವ ಡಾಂಬರು ರಸ್ತೆಯಲ್ಲಿ ಹಂಪಾಪುರವನ್ನು ಹಾದುಹೋದವರು ಅದನ್ನು ಬಸ್ಸು ನಿಲ್ಲುವ ಊರುಗಳಲ್ಲೊಂದೆಂದು ಎಣಿಸಿ ಮರೆತುಬಿಡುತ್ತಾರೆ. ಆ ಹೋಬಳಿಯ ಸ್ವಭಾವ ತಿಳಿಯಬೇಕಾದರೆ ಮುಂಗಾರಿನಲ್ಲಿ ರಸ್ತೆಯನ್ನು ಬಿಟ್ಟು ಹೊಲಗಳ ಕಡೆಗೆ ಒಂದೆರಡು ಮೈಲಿ ಇಳಿಯಬೇಕು. ಬೇಸಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಿದ್ದ ಮಣ್ಣು ಎರಡು ಹದ ಮಳೆ ಬಿದ್ದೊಡನೆ ಎತ್ತಿನ ಗೊರಸನ್ನೂ ಹಿಡಿದು ಬಿಡಲೊಲ್ಲದು. ಅಲ್ಲಿ ಕಾರಿನ ಆಟ ನಡೆಯುವುದಿಲ್ಲ, ಜೀಪೇ ಗತಿ.

ಜೀಪೆಂಬುದು ಯುದ್ಧದ ಕೂಸು. 1941ರಲ್ಲಿ ಅಮೆರಿಕದ ಸೈನ್ಯಕ್ಕೆಂದು ಸಿದ್ಧವಾದ ವಿಲ್ಲೀಸ್ ವಾಹನ, ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಮೀರಿ ತಯಾರಾಗಿ ಲೋಕವೆಲ್ಲ ಸುತ್ತಿತು. ಆಮೇಲೆ ಭಾರತದಲ್ಲಿ ಮಹೀಂದ್ರ ಕಂಪೆನಿಯವರು ಅದೇ ಅಚ್ಚಿನಲ್ಲಿ ಜೀಪುಗಳನ್ನು ಮಾಡಿದರು. ಫಿರಂಗಿ ಎಳೆಯಲು ಹುಟ್ಟಿದ್ದು ಗೊಬ್ಬರ ಹೊರಲು ಒಗ್ಗಿಕೊಂಡಿತು. ಇದಕ್ಕಿಂತ ಒಳ್ಳೆಯ ನಿವೃತ್ತಿ ಯಾವ ಸಿಪಾಯಿಗೆ ಉಂಟು?

ಅಂಥ ಹಳೆಯ ಜೀಪೊಂದು ಹಂಪಾಪುರದ ಆಚೆಯ ಹಳ್ಳಿಯ ಚಾಲಕನೊಬ್ಬನ ಬಳಿಯಿತ್ತು. ಜೂನ್ ತಿಂಗಳ ಒಂದು ರಾತ್ರಿ ಪಕ್ಕದ ಮನೆಯ ಸೊಸೆಗೆ ಹೆರಿಗೆಯ ನೋವು ಕಾಣಿಸಿಕೊಂಡಿತು. ರಾಜ್ಯದಲ್ಲಿ 2008ರಿಂದ ಓಡುತ್ತಿರುವ 108ರ ಗಾಡಿ ಕರೆದೊಡನೆ ಬಂದಿತಾದರೂ ಡಾಂಬರು ರಸ್ತೆಯ ಅಂಚಿನಲ್ಲಿಯೇ ನಿಲ್ಲಬೇಕಾಯಿತು. ನಡುವೆ ಎರಡು ಮೈಲಿ ಕೆಸರು. ಚಾಲಕ ಗೊಬ್ಬರದ ಮೂಟೆಗಳಿದ್ದ ಜೀಪನ್ನು ಹಾಗೆಯೇ ಹೊರಡಿಸಿದ. ಹಿಂದೆ ಬಸುರಿ, ಅವಳ ಅತ್ತೆ, ಗಂಡ.

ಹಳ್ಳದ ದಡ ಹತ್ತುವಾಗ ಆಗಬಾರದ್ದು ಆಯಿತು. ಮುಂದಿನ ಗಾಲಿಗಳು ಪೂರ್ತಿ ಒಂದು ಪಕ್ಕಕ್ಕೆ ತಿರುಗಿದ್ದವು; ಎಡಗಾಲಿ ಕೆಸರಿನಲ್ಲಿ ಗಿರಗಿರನೆ ತಿರುಗುತ್ತಿದ್ದುದು ಹೂತಿದ್ದ ಕಲ್ಲೊಂದನ್ನು ಥಟ್ಟನೆ ಕಚ್ಚಿತು. ಒಳಗೆ ಏನೋ ಫಟ್ಟೆಂದಿತು.

“ಏನಾಯ್ತು ಮಗ?” ಎಂದಳು ಮುದುಕಿ.

“ಮುಂದ್ಲ ಎಕ್ಸೆಲು ಹೋಯ್ತು ಕಣವ್ವ.”

“ಇನ್ನು ಹೋಗಾಕಿಲ್ವ?”

“ಹಿಂದ್ಲ ಗಾಲಿ ಅದೆ. ಅದ್ರಲ್ಲೇ ಹೋಗದು.”

ಈ ಉತ್ತರ ಧೈರ್ಯದ ಮಾತಲ್ಲ, ಲೆಕ್ಕದ ಮಾತು. ಜೀಪಿನ ಮುಂದಿನ ಗಾಲಿಯ ಭಾರ ಒಳಗಿನ ಶಾಫ್ಟಿನ ಮೇಲಿರುವುದಿಲ್ಲ. ಶಾಫ್ಟು ತಿರುಗಿಸುವುದು ಮಾತ್ರ, ಹೊರುವುದು ಬೇರೆಯೇ ಕೊಳವೆ. ಆದ್ದರಿಂದ ಶಾಫ್ಟು ತುಂಡಾದರೂ ಗಾಲಿ ಕಳಚಿ ಬೀಳದು. ಆದರೆ ಒಂದು ಪಕ್ಕ ಮುರಿದರೆ ಇನ್ನೊಂದು ಪಕ್ಕವೂ ಕೆಲಸಕ್ಕೆ ಬಾರದು. ನಡುವಣ ಡಿಫರೆನ್ಷಿಯಲ್ಲು ಪ್ರತಿಭಟಿಸದ ಕಡೆಗೇ ತಿರುಗುವ ಯಂತ್ರ. ಶಕ್ತಿಯೆಲ್ಲ ಮುರಿದ ತುಂಡನ್ನು ಸುಮ್ಮನೆ ತಿರುಗಿಸುವುದರಲ್ಲಿಯೇ ಕಳೆಯುತ್ತದೆ. ಉಳಿದ ಶಾಫ್ಟು ಮುರಿಯದೆ ಉಳಿಯುವುದೂ ಇದರಿಂದಲೇ.

ಅವನು ಮೊದಲು ಫೋರ್ ವೀಲಿನ ಗೇರು ಬಿಡಿಸಿ, ಸ್ಟಿಯರಿಂಗನ್ನು ಈ ಕೊನೆಯಿಂದ ಆ ಕೊನೆಗೆ ಮೆಲ್ಲನೆ ತಿರುಗಿಸಿ ಕಿವಿಗೊಟ್ಟ. ಮುರಿದ ಜಾಯಿಂಟಿನ ಚೂರು ಅಡ್ಡ ಸಿಕ್ಕಿಕೊಂಡರೆ ಗಾಲಿ ತಿರುಗಿಸಿದ ಕಡೆಯೇ ಬಿಗಿದು ನಿಲ್ಲುವುದುಂಟು. ನಿಜವಾದ ಅಪಾಯ ಅದು. ಸದ್ದಿಲ್ಲ. ಬಳಿಕ ಬ್ಯಾಟರಿ ಬೆಳಕಿನಲ್ಲಿ ಮುಂದಿನ ಎರಡೂ ಗಾಲಿಗಳ ಹಬ್ಬಿನ ಮುಚ್ಚಳ ತೆಗೆದು, ಶಾಫ್ಟನ್ನು ಗಾಲಿಗೆ ಬೆಸೆಯುವ ಬಿಲ್ಲೆಗಳನ್ನು ಬಿಚ್ಚಿದ. ಒಳ್ಳೆಯ ಕಡೆಯದನ್ನೇಕೆ? ಬಲಗಾಲಿ ತಿರುಗಿದರೆ ಡಿಫರೆನ್ಷಿಯಲ್ಲಿನ ಮೂಲಕ ಎಡಗಡೆಯ ಮುರಿದ ತುಂಡೂ ತಿರುಗಿ ಒಳಗೆಲ್ಲ ಅರೆಯುತ್ತದೆ. ಎರಡನ್ನೂ ಬಿಡಿಸಿದರೆ ಒಳಗಿನದೆಲ್ಲ ನಿದ್ರೆ ಹೋಗುತ್ತದೆ. ಬೇರಿಂಗಿಗೆ ಕೆಸರು ತಾಗದಂತೆ ಗೊಬ್ಬರದ ಚೀಲದ ಪ್ಲಾಸ್ಟಿಕ್ ಹಾಳೆಯನ್ನು ಹರಿದು ಬಿಗಿದ. ಇಷ್ಟಕ್ಕೆ ಅರ್ಧ ಗಂಟೆ. ಒಳಗೆ ಹುಡುಗಿ ನರಳುತ್ತಿದ್ದಳು. ಗಂಡನೆಂಬವನು ಮೂರು ಸಲ ಗಡಿಯಾರ ನೋಡಿ ಏನೂ ಮಾಡಲಾರದೆ ಬೀಡಿ ಹಚ್ಚಿದ.

ಇನ್ನು ದಡವನ್ನು ಹತ್ತಬೇಕು. ಹಳೆಯ ಜೀಪಿನಲ್ಲಿ ಮುಂದಿನ ಗಾಲಿಗಳನ್ನು ಜೋಡಿಸದೆ ‘ಲೋ’ ಗೇರು ಬೀಳದು. ಎಲ್ಲ ಭಾರವೂ ಹಿಂದಿನ ಎಕ್ಸೆಲ್ಲಿನ ಮೇಲೆಯೇ ಬಿದ್ದು ಮುರಿಯಬಾರದೆಂದು ಮಾಡಿದವರ ಏರ್ಪಾಡು. ಹಾಗಾಗಿ ಮೊದಲನೆಯ ಗೇರೇ ಗತಿ. ಮೂಟೆಗಳನ್ನು ಕೆಳಗೆ ಎಸೆಯಲು ಗಂಡ ಅವಸರ ಮಾಡಿದ. ಚಾಲಕ ತಡೆದ: ಈಗ ನೆಲವನ್ನು ಒತ್ತುವ ಭಾರ ಬೇಕಾದದ್ದು ಹಿಂದಿನ ಗಾಲಿಗಳಿಗೇ. ಮೂಟೆಗಳನ್ನು ಇನ್ನೂ ಹಿಂದಕ್ಕೆ ಸರಿಸಿದರು. ಗಾಲಿಗಳ ಗಾಳಿಯನ್ನು ಕೊಂಚ ಇಳಿಸಿದರು. ಹಿಂದಿನ ಟೈರುಗಳಿಗೆ ಹಗ್ಗ ಸುತ್ತಿದರು. ಬಸುರಿಯೊಬ್ಬಳು ಒಳಗೆ ಉಳಿದಳು. ಅತ್ತೆ, ಗಂಡ ಹೆಗಲು ಕೊಟ್ಟರು. ಮೊದಲ ಸಲ ಅರ್ಧಕ್ಕೆ ಜಾರಿತು. ಎರಡನೆಯ ಸಲ ಹಿಂದೆ ಸರಿದು, ಗಾಲಿಗಳನ್ನು ನೇರ ಹಿಡಿದು, ನಡುವೆ ಎಲ್ಲಿಯೂ ಕಾಲು ಸಡಿಲಿಸದೆ ಒಂದೇ ಓಟದಲ್ಲಿ ಹತ್ತಿಸಿದ. ಮುಂದಿನ ಗಾಲಿಗಳು ಗಾಡಿಯ ಗಾಲಿಗಳಂತೆ ಸುಮ್ಮನೆ ಉರುಳಿದವು.

ಈಚಿನ ಕೆಲವು ಕಾರುಗಳಲ್ಲಿ ಎಲ್ಲ ಗಾಲಿಗಳಿಗೂ ಸದಾ ಶಕ್ತಿ ಹರಿಯುವ ಏರ್ಪಾಡಿದೆ. ಅವುಗಳ ನಡುವೆಯೂ ಒಂದು ಡಿಫರೆನ್ಷಿಯಲ್ಲಿರುತ್ತದೆ. ಅದನ್ನು ಬಿಗಿಯುವ ಕೀಲಿಲ್ಲದಿದ್ದರೆ, ಮುಂದಿನ ಶಾಫ್ಟು ಮುರಿದ ಗಳಿಗೆಯಲ್ಲಿ ಹಿಂದಿನ ಗಾಲಿಗಳೂ ಕೈ ಕಟ್ಟಿ ಕುಳಿತಾವು. ಒರಟು ಜೀಪಿಗೆ ಆ ನಾಜೂಕಿಲ್ಲ.

ಡಾಂಬರು ರಸ್ತೆಯಲ್ಲಿ ಬಸುರಿಯನ್ನು 108ಕ್ಕೆ ಹತ್ತಿಸಿದಾಗ ಒಂದೂವರೆ ಗಂಟೆ. ಬೆಳಗಿನ ಜಾವ ಮೈಸೂರಿನಲ್ಲಿ ಹೆಣ್ಣುಕೂಸು ಹುಟ್ಟಿತು. ಫೋನು ಬಂದಾಗ ಚಾಲಕ ಹಂಪಾಪುರದ ಒಂದು ಗ್ಯಾರೇಜಿನ ಬಾಗಿಲು ತೆರೆಯುವುದನ್ನೇ ಕಾಯುತ್ತ ಜೀಪಿನ ನೆರಳಿನಲ್ಲಿ ಕುಳಿತಿದ್ದ. ಹಳೆಯ ಶಾಫ್ಟು ಸಿಕ್ಕಲು ಒಂಬತ್ತು ದಿನ ಹಿಡಿಯಿತು. ಆ ಒಂಬತ್ತು ದಿನವೂ ಜೀಪು ಎರಡೇ ಗಾಲಿಗಳ ಬಲದಿಂದ, ಹಳ್ಳದ ದಾರಿಯನ್ನು ಮಾತ್ರ ಬಳಸಿ, ಗೊಬ್ಬರ ಹೊತ್ತಿತು.