ಮಿಸ್, ಇವ್ನು ನನ್ನೇ ನೋಡ್ತವ್ನೆ

ಒಂದನೇ ತರಗತಿಯಲ್ಲಿ ಬೆಳಗಿನ ಮೊದಲ ಅರ್ಧ ಗಂಟೆ ಪಾಠ ನಡೆಯುವುದಿಲ್ಲ, ಪಂಚಾಯಿತಿ ನಡೆಯುತ್ತದೆ. ಬಳಪ ಕಿತ್ತುಕೊಂಡದ್ದು, ಜಡೆ ಎಳೆದದ್ದು, ‘ನಿಮ್ಮಜ್ಜಿ ಗೂಬೆ’ ಅಂದದ್ದು, ಎಲ್ಲಕ್ಕೂ ಅಲ್ಲೇ ವಿಚಾರಣೆ, ಅಲ್ಲೇ ತೀರ್ಪು. ದೂರುಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ: “ಮಿಸ್, ಇವ್ನು ನನ್ನೇ ನೋಡ್ತವ್ನೆ.” ಇದಕ್ಕೆ ಯಾವ ಕಾನೂನಿನ ಪ್ರಕಾರ ಶಿಕ್ಷೆ ಕೊಡಬೇಕು? ಆರೋಪಿಯನ್ನು ಕರೆದು ಕೇಳಿದರೆ ಅವನದೂ ಅದೇ ಅಹವಾಲು. “ಅವ್ನೇ ಮೊದ್ಲು ನೋಡ್ದ, ಅದ್ಕೇ ನಾನೂ ನೋಡ್ದೆ ಮಿಸ್.” ಇಬ್ಬರನ್ನೂ ಎದುರುಬದುರು ನಿಲ್ಲಿಸಿ, “ಈಗ ಚೆನ್ನಾಗಿ ನೋಡ್ಕೊಳ್ಳಿ” ಅನ್ನುತ್ತೇನೆ. ಹತ್ತು ಎಣಿಸುವುದರೊಳಗೆ ಇಬ್ಬರಿಗೂ ನಗು. ಕೇಸು ವಜಾ. ಮಧ್ಯಾಹ್ನ ಬಿಸಿಯೂಟಕ್ಕೆ ಕುಳಿತಾಗ ನೋಡಿದರೆ ಫಿರ್ಯಾದಿಯು ತನಗೆ ಸೇರದ ಮೊಟ್ಟೆಯ ಹಳದಿಯನ್ನು ಆರೋಪಿಯ ತಟ್ಟೆಗೆ ದಾಟಿಸುತ್ತಿರುತ್ತಾನೆ. ದೊಡ್ಡವರ ಜಗಳಗಳಿಗೂ ಇಷ್ಟೇ ಆಯಸ್ಸಿದ್ದಿದ್ದರೆ ತಾಲ್ಲೂಕು ಕೋರ್ಟಿನ ಎದುರಿನ ಕಾಫಿ ಹೋಟೆಲುಗಳೆಲ್ಲ ಎಂದೋ ಬಾಗಿಲು ಹಾಕಬೇಕಿತ್ತು.

ನಮ್ಮದು ಹಾಸನ ಜಿಲ್ಲೆಯ ಅರಕಲಗೂಡು ಕಡೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸುತ್ತ ಹೊಗೆಸೊಪ್ಪು, ಶುಂಠಿ, ಆಲೂಗೆಡ್ಡೆ, ರಾಗಿ. ನನ್ನದು ನಲಿ-ಕಲಿ ಕೋಣೆ. ಒಂದು, ಎರಡು, ಮೂರನೇ ತರಗತಿಯ ಮಕ್ಕಳು ನೆಲದ ಮೇಲೆ ಗುಂಪುಗುಂಪಾಗಿ ಒಟ್ಟಿಗೇ ಕೂರುವ ಜಾಗ. ಈ ಪದ್ಧತಿ ಹುಟ್ಟಿದ್ದು ನಮಗೆ ತೀರ ದೂರವೇನಲ್ಲದ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ, 1995ರಲ್ಲಿ. ಅಲ್ಲಿನ ಮೇಷ್ಟರುಗಳು ಆಂಧ್ರದ ಋಷಿವ್ಯಾಲಿಗೆ ಹೋಗಿ, ಹಳ್ಳಿ ಶಾಲೆಗಳಲ್ಲಿ ಮಕ್ಕಳು ಕಾರ್ಡು ಹಿಡಿದು ತಮ್ಮ ಪಾಡಿಗೆ ತಾವು ಕಲಿಯುವುದನ್ನು ನೋಡಿ ಬಂದರು. ಯುನಿಸೆಫ್ ನೆರವು ಕೊಟ್ಟಿತು. 2009-10ರಿಂದ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಬಂತು. ಟ್ರೇ ತುಂಬ ಕಾರ್ಡು, ಗೋಡೆಯ ಮೇಲೆ ಕಲಿಕಾ ಏಣಿ, ಮಕ್ಕಳ ಕೈಗೆಟುಕುವ ಎತ್ತರಕ್ಕೆ ಬಳಿದ ಕಪ್ಪು ಹಲಗೆ, ತಲೆಯ ಮೇಲೆ ದಾರ ಕಟ್ಟಿ ಅವರ ಚಿತ್ರಗಳನ್ನು ತೂಗುಹಾಕಿದ ಚಪ್ಪರ. ಇದರ ಗುಣದೋಷ ಹೇಳಲು ಕುಳಿತರೆ ಅದೇ ಒಂದು ಪುರಾಣ. ಮೂರು ತರಗತಿಗೆ ಒಬ್ಬಳೇ ಟೀಚರು, ಆ ಟೀಚರಿಗೆ ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನಿನಲ್ಲಿ ತುಂಬುವ ಮಾಹಿತಿ ಎಂದಾಗ ಏಣಿ ಹತ್ತುವವರು ಯಾರು, ಹಿಡಿದುಕೊಳ್ಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಆದರೆ ಅದರ ಒಂದು ಗುಣವನ್ನು ಮಾತ್ರ ಯಾರೆದುರು ಬೇಕಾದರೂ ಎತ್ತಿ ಹೇಳುತ್ತೇನೆ.

ನಾವೆಲ್ಲ ಅ ಆ ಇ ಈ ಎಂದು ಶುರುಮಾಡಿದವರು. ನಲಿ-ಕಲಿಯ ಮಗು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ಶುರುಮಾಡುತ್ತದೆ. “ಅ ಆ ಬುಟ್ಟು ಅದೇನವ್ವ ರಗಸ ರಗಸ ಅಂತ ಹೇಳ್ಕೊಡ್ತೀರ?” ಎಂದು ಮೊಮ್ಮಗನನ್ನು ಬಿಡಲು ಬಂದ ತಾತನೊಬ್ಬರು ಗೇಟಿನ ಹತ್ತಿರ ನನ್ನನ್ನು ತಡೆದು ಕೇಳಿದ್ದರು. ಗುಟ್ಟು ಇರುವುದೇ ಅಲ್ಲಿ. ಈ ಐದು ಕೈಗೆ ಹತ್ತಿದರೆ ಸಾಕು, ಮಗು ಸರ, ದರ, ಅರಸ, ಅಗಸ, ಗರಗಸ ಎಂದು ಓದಿಬಿಡಬಹುದು. ಕಾಗುಣಿತ ಬೇಡ, ಒತ್ತಕ್ಷರ ಬೇಡ. ಇಡೀ ವರ್ಣಮಾಲೆ ಬಾಯಿಪಾಠವಾಗುವ ತನಕ ಓದಿನ ಸುಖಕ್ಕಾಗಿ ಕಾದು ಕೂರಬೇಕಾಗಿಲ್ಲ.

ಆ ಸುಖವನ್ನು ಪಕ್ಕದಲ್ಲೇ ಕುಳಿತು ನೋಡಬೇಕು. ಕಳೆದ ಮಳೆಗಾಲದಲ್ಲಿ ಒಂದು ದಿನ, ಮರಗೆಲಸದವರ ಮಗಳು ಕಾರ್ಡಿನ ಮೇಲೆ ಬೆರಳಿಟ್ಟುಕೊಂಡು ಕುಳಿತಿದ್ದಳು. ‘ಗ’ ಅಂದಳು. ಬೆರಳು ಸರಿಸಿ ‘ರ’ ಅಂದಳು. ಮತ್ತೆ ‘ಗ’. ಕೊನೆಗೆ ‘ಸ’. ನಾಲ್ಕೂ ಸರಿ, ಆದರೆ ಒಂದಕ್ಕೊಂದು ಪರಿಚಯವೇ ಇಲ್ಲ. ಇಂಥ ಹೊತ್ತಿನಲ್ಲಿ ಟೀಚರಾದವಳು ಬಾಯಿ ಹಾಕಬಾರದು. ನಮ್ಮ ಕೆಲಸದಲ್ಲಿ ಬಹಳ ಕಷ್ಟದ್ದು ಅದೇ. ಅವಳು ಮತ್ತೆ ಮೊದಲಿಗೆ ಬಂದಳು. ಗ, ರ, ಗ, ಸ. ಹುಬ್ಬು ಗಂಟಿಕ್ಕಿತು. ಇಳಿಯುತ್ತಿದ್ದ ಮೂಗನ್ನು ತೋಳಿಗೆ ಒರೆಸಿಕೊಂಡಳು. ಮೂರನೆಯ ಸಲ ಕೊಂಚ ಬೇಗ ಹೇಳಿದಳು: “ಗರ... ಗಸ...” ಬೆರಳು ನಿಂತಿತು. ಕಣ್ಣು ಕಾರ್ಡು ಬಿಟ್ಟು ಎಲ್ಲಿಗೋ ಹೋಯಿತು. ಮನೆಯ ಜಗುಲಿಗೇ ಹೋಗಿರಬೇಕು. “ಗರಗಸ! ಮಿಸ್, ಗರಗಸ! ನಮ್ಮಪ್ಪನ್ ಹತ್ರ ಐತೆ!”

ಕಾಗದದ ಮೇಲಿನ ನಾಲ್ಕು ಗುರುತು ಅಪ್ಪನ ಚೀಲದೊಳಗಿನ ಸಾಮಾನೇ ಆಗಿಬಿಟ್ಟದ್ದನ್ನು ಅವಳು ಒಬ್ಬಳೇ ಇಟ್ಟುಕೊಳ್ಳಲಾರದೆ ಹೋದಳು. ಕಾರ್ಡು ಹಿಡಿದು ಎರಡನೇ ತರಗತಿಯವರ ಗುಂಪಿಗೆ ಓಡಿದಳು, ಮೂರನೆಯವರ ಗುಂಪಿಗೆ ಓಡಿದಳು, ಅಲ್ಲಿಂದ ಅಡುಗೆ ಕೋಣೆಗೆ. ಅಡುಗೆಯಮ್ಮ ಸಾರಿಗೆ ಒಗ್ಗರಣೆ ಹಾಕುತ್ತಲೇ, “ಹೂಂ ಕಣವ್ವ, ಗರಗಸವೇ” ಎಂದು ಸರ್ಟಿಫಿಕೇಟು ಕೊಟ್ಟರು. ಹೈಸ್ಕೂಲಿನ, ಕಾಲೇಜಿನ ಮೇಷ್ಟರುಗಳಿಗೆ ಈ ಗಳಿಗೆ ಸಿಗುವುದಿಲ್ಲ. ಅವರ ಕೈಗೆ ಬರುವ ಹೊತ್ತಿಗೆ ಮಕ್ಕಳಿಗೆ ಓದು ಬಂದಿರುತ್ತದೆ, ಅದು ಹೇಗೆ ಬಂತೆಂಬುದು ಮರೆತೂ ಹೋಗಿರುತ್ತದೆ.

ಒಂದು ಪದ ದಕ್ಕಿದ ಮೇಲೆ ಅವರನ್ನು ಹಿಡಿಯುವವರಿಲ್ಲ. ಗೊಬ್ಬರದ ಚೀಲ, ಬಿಸ್ಕತ್ತಿನ ಪೊಟ್ಟಣ, ಗೋಡೆಯ ಮೇಲಿನ ಚುನಾವಣೆಯ ಬರಹ, ಎಲ್ಲೇ ಆಗಲಿ ಗೊತ್ತಿರುವ ಅಕ್ಷರ ಕಂಡರೆ ನಿಂತು ವಿಚಾರಿಸಿಕೊಳ್ಳುತ್ತಾರೆ. ಊರ ಮುಂದೆ ಅರಸೀಕೆರೆ ಎಂದು ಬೋರ್ಡು ಹಾಕಿಕೊಂಡು ಒಂದು ಬಸ್ಸು ಹೋಗುತ್ತದೆ. ಅದೇ ಹುಡುಗಿಗೆ ‘ಅ’ ಗೊತ್ತು, ‘ರ’ ಗೊತ್ತು, ‘ಸೀ’ಯ ದೀರ್ಘ ಇನ್ನೂ ಏಣಿಯಲ್ಲಿ ಬಹಳ ಮೇಲಿದೆ, ‘ಕೆರೆ’ಯಂತೂ ಕಣ್ಣಿಗೇ ಬೀಳದ ದೂರ. “ಅರಸನ ಬಸ್ಸು ಬಂತು!” ಎಂದು ಕೂಗಿದಳು. ಉಳಿದವರ ಬಾಯಿಗೂ ಅದೇ ಹತ್ತಿತು. ಈಗ ನಮ್ಮ ಕೋಣೆಯ ಮಟ್ಟಿಗೆ ಅದು ಅರಸನ ಬಸ್ಸೇ. ಈ ಬಡ್ತಿಯ ವಿಷಯ ಕಂಡಕ್ಟರಿಗೆ ತಿಳಿದಂತಿಲ್ಲ. ಪಾಪ, ಮೊದಲಿನ ಹಾಗೇ ಚಿಲ್ಲರೆಗೆ ಬಡಿದಾಡುತ್ತಿರುತ್ತಾರೆ.

ಲೆಕ್ಕದ ಪಾಠದಲ್ಲಿ ಗೆಲ್ಲುವವರು ಯಾವಾಗಲೂ ಮಕ್ಕಳೇ. “ಎಂಟು ಕೋಳಿ ಇದ್ದವು, ಮೂರು ಹೊರಟುಹೋದವು, ಎಷ್ಟು ಉಳಿದವು?” ಎಂದರೆ, ಹಿಂದೆ ಕುಳಿತಿದ್ದವನೊಬ್ಬ ಬೆರಳನ್ನೂ ಮಡಚದೆ, “ಎಂಟೇ ಮಿಸ್” ಅಂದ.

“ಮೂರು ಹೋದ್ವಲ್ಲೋ?”

“ಸಂಜೆಗೆ ಬಂದ್ಬಿಡ್ತವೆ.”

ಅವನ ಮನೆಯಲ್ಲಿ ಕೋಳಿ ಸಾಕಿದ್ದಾರೆ. ಲೆಕ್ಕದ ಪುಸ್ತಕ ಬರೆದವರ ಮನೆಯಲ್ಲಿ ಸಾಕಿರಲಿಕ್ಕಿಲ್ಲ. ಇರಲಿ ಎಂದು, “ಮೂರನ್ನ ನಾಯಿ ಹಿಡ್ಕೊಂಡು ಹೋಯ್ತು” ಎಂದು ಲೆಕ್ಕ ತಿದ್ದಿದೆ. ಆಮೇಲೆ ಆ ನಾಯಿ ಯಾರ ಮನೆಯದು, ಕರಿಯದೋ ಕೆಂಚನೆಯದೋ, ಹಿಡಿದದ್ದು ಹುಂಜವನ್ನೋ ಹ್ಯಾಟೆಯನ್ನೋ, ಕೋಳಿಯವರು ನಾಯಿಯವರ ಮೇಲೆ ಜಗಳಕ್ಕೆ ಹೋದರೋ ಇಲ್ಲವೋ ಎಂಬ ಚರ್ಚೆ ಎದ್ದು, ಕಳೆಯುವ ಲೆಕ್ಕ ಅಲ್ಲಿಗೇ ನಿಂತಿತು. ಮರುದಿನ ಹುಣಸೆಬೀಜ ತಂದೆ. ಹುಣಸೆಬೀಜ ಸಂಜೆಗೆ ವಾಪಸು ಬರುವುದಿಲ್ಲ, ಅದನ್ನು ನಾಯಿ ಕೂಡ ಮೂಸುವುದಿಲ್ಲ.

ಹಾಲಿನದೂ ಒಂದು ಕತೆ. 2013ರ ಆಗಸ್ಟಿನಲ್ಲಿ ಕ್ಷೀರಭಾಗ್ಯ ಬಂದಂದಿನಿಂದ ಬೆಳಗ್ಗೆ ಮಕ್ಕಳಿಗೆ ಬಿಸಿಹಾಲು, ಪುಡಿಯಿಂದ ಕಾಯಿಸಿದ್ದು. ಕುಡಿಯುವ ಮಕ್ಕಳ ಪೈಕಿ ಬಹಳ ಜನರ ಮನೆಯಲ್ಲಿ ಹಸುವಿದೆ. ಆ ಹಾಲು ಇವರು ಏಳುವ ಹೊತ್ತಿಗೇ ಡೈರಿ ಸೇರಿರುತ್ತದೆ. ಇದರ ಅರ್ಥಶಾಸ್ತ್ರ ನನಗೂ ಬೇಸರ ತರಿಸುವಂಥದ್ದೇ, ಆದರೆ ಲೋಟ ಕೆಳಗಿಳಿದಾಗ ಸಾಲಾಗಿ ಬಿಳಿ ಮೀಸೆ ಹೊತ್ತು ಕುಳಿತಿರುವ ಆ ಗಂಭೀರ ಮುಖಗಳ ಎದುರು ಬೇಸರ ಬಹಳ ಹೊತ್ತು ನಿಲ್ಲುವುದಿಲ್ಲ.

ಆರು-ಏಳು ವರ್ಷವೆಂದರೆ ಮುಂದಿನ ಹಾಲುಹಲ್ಲು ಬೀಳುವ ವಯಸ್ಸು. ಪಾಠದ ಮಧ್ಯೆ ಒಬ್ಬ ಎದ್ದು ಬಂದು ಅಂಗೈ ಚಾಚುತ್ತಾನೆ. ನೋಡಿದರೆ ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದೊಂದು ಹಲ್ಲು, ಬುಡದಲ್ಲಿ ಒಂದು ಚುಕ್ಕೆ ರಕ್ತ. ಅಳು ಇಲ್ಲ, ನೋವಿಲ್ಲ. ಮುಖದಲ್ಲಿ ಸಾಧಿಸಿದ ಕಳೆ. ಇನ್ನೂ ಹಲ್ಲು ಬೀಳದವರು ಸುತ್ತ ನೆರೆದು ಹೊಟ್ಟೆಕಿಚ್ಚಿನಿಂದ ನೋಡುತ್ತಾರೆ. ಒಬ್ಬಳಂತೂ ಗಟ್ಟಿಯಾಗಿದ್ದ ತನ್ನ ಹಲ್ಲನ್ನೇ ಅಲ್ಲಾಡಿಸಿ, “ನಂದೂ ಅಳ್ಳಾಡ್ತೈತೆ ಮಿಸ್, ಮುಟ್ಟಿ ನೋಡಿ” ಎಂದು ನನ್ನ ಬೆರಳನ್ನು ಬಾಯಿಗೆ ಹಾಕಿಕೊಳ್ಳುತ್ತಾಳೆ. ನಮ್ಮ ಕಡೆ ಬಿದ್ದ ಹಲ್ಲನ್ನು ಸಗಣಿಯಲ್ಲಿಟ್ಟು ಉಂಡೆ ಮಾಡಿ ಮನೆಯ ಹೆಂಚಿನ ಮೇಲೆ ಎಸೆಯುವುದು ವಾಡಿಕೆ. ಹೊಸ ಹಲ್ಲು ಚೆನ್ನಾಗಿ ಬರಲಿ ಎಂದು. “ಜೋಪಾನ, ಮನೆಗೆ ತಗೊಂಡು ಹೋಗು” ಅಂದೆ. “ನಮ್ದು ಆರ್‌ಸಿಸಿ ಮನೆ ಮಿಸ್, ಹೆಂಚಿಲ್ಲ” ಅಂದ.

ಊರಿನಲ್ಲಿ ಹೆಂಚಿನ ಮನೆ ಕಡಿಮೆಯಾಗುತ್ತ ಬಂದಿದೆ. ಶಾಲೆಯ ಹಳೆಯ ಕೋಣೆಗೆ ಮಾತ್ರ ಮಂಗಳೂರು ಹೆಂಚು ಹಾಗೇ ಉಳಿದಿದೆ. ಹೀಗಾಗಿ ಹಲ್ಲುಗಳೆಲ್ಲ ಈಗ ಶಾಲೆಯ ಲೆಕ್ಕಕ್ಕೆ. ಪಕ್ಕದ ಕೊಟ್ಟಿಗೆಯಿಂದ ಸಗಣಿ ಬರುತ್ತದೆ, ಮೂರನೇ ತರಗತಿಯಲ್ಲಿ ಎಸೆಯುವುದರಲ್ಲಿ ಪಳಗಿದ ಒಬ್ಬ ಇದ್ದಾನೆ, ಉಳಿದವರು ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಾರೆ. ಉಂಡೆ ಉರುಳಿ ಕೆಳಗೆ ಬಿದ್ದರೆ ಎಲ್ಲರದೂ ಒಟ್ಟಿಗೇ ‘ಅಯ್ಯೋ’. ಮೇಲೆ ನಿಂತರೆ ಚಪ್ಪಾಳೆ. ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸಲು ಬಂದವರು ಏಣಿಯ ಮೇಲಿಂದಲೇ, “ಏನ್ ಮೇಡಂ ಇದು, ಮಾಡಿನ ಮ್ಯಾಲೆಲ್ಲ ಸಗಣಿ ಉಂಡೆ?” ಎಂದು ಕೇಳಿದರು. “ಸ್ಟಾಕ್ ರಿಜಿಸ್ಟರಿನಲ್ಲಿ ಬರೆದಿಲ್ಲ, ಹಾಗೇ ಬಿಡಿ” ಅಂದೆ.

ಇದರಲ್ಲಿ ಪಾಠಕ್ಕೆ ಸಂಬಂಧಪಟ್ಟ ಒಂದು ತೊಡಕೂ ಇದೆ. ಮೊದಲ ಐದು ಅಕ್ಷರಗಳಲ್ಲಿ ‘ಸ’ ಒಂದು. ಮುಂದಿನ ಎರಡು ಹಲ್ಲಿಲ್ಲದವನು ‘ಸರ’ ಎಂದರೆ ಕೇಳುವುದು ‘ಥರ’, ಜೊತೆಗೆ ಕಾರ್ಡಿನ ಮೇಲೆ ನಾಲ್ಕು ಹನಿ. ಅವನಿಗೆ ಅಕ್ಷರ ಬಂದಿಲ್ಲವೋ ಹಲ್ಲು ಬಂದಿಲ್ಲವೋ ಎಂದು ತಿಳಿಯಲು ಮೌಲ್ಯಮಾಪನದ ನಮೂನೆಯಲ್ಲಿ ಜಾಗವಿಲ್ಲ.

ಮಕ್ಕಳ ಹಾಡು ಬರೆದ ನಮ್ಮ ಹಿರಿಯರಲ್ಲಿ ಮೇಷ್ಟರುಗಳು ಇರುವುದರಲ್ಲಿ ಆಶ್ಚರ್ಯವಿಲ್ಲ. ಪಂಜೆ ಮಂಗೇಶರಾಯರು ಪಾಠ ಹೇಳಿದವರು, ಶಾಲಾ ಇನ್‌ಸ್ಪೆಕ್ಟರಾಗಿ ಊರೂರು ಸುತ್ತಿದವರು. ಎಂ.ಎ. ಓದಿದ ಜಿ.ಪಿ. ರಾಜರತ್ನಂ ಸ್ವಲ್ಪ ಕಾಲ ಚಿಕ್ಕ ಮಕ್ಕಳಿಗೆ ಮೇಷ್ಟರಾಗಿದ್ದರು. ಪಠ್ಯದ ಪದ್ಯ ಮಕ್ಕಳಿಗೆ ಒಗ್ಗದ್ದನ್ನು ಕಂಡು ತಾವೇ ಬರೆಯತೊಡಗಿದರು. ಹಾಡು ಹಿಡಿಸಿತೋ ಇಲ್ಲವೋ ಎಂದು ಹೇಳಲು ಒಂದನೇ ತರಗತಿಯವರಿಗೆ ವಿಮರ್ಶೆಯ ಭಾಷೆ ಬೇಕಿಲ್ಲ. ಹಿಡಿಸದಿದ್ದರೆ ಎರಡನೇ ಸಾಲಿಗೇ ನೀರು ಕುಡಿಯಲು ಎದ್ದು ಹೋಗುತ್ತಾರೆ. ಹಿಡಿಸಿದರೆ ಅಭಿನಯ ಮಾಡಿ ಎಂದು ಪ್ರಾಣ ತಿನ್ನುತ್ತಾರೆ. ಒಂದು ಸಲ ಸಿ.ಆರ್.ಪಿ. (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಸಾಹೇಬರು ತಪಾಸಣೆಗೆಂದು ಬಂದು ಬಾಗಿಲಲ್ಲಿ ನಿಂತಾಗ ನಾನು ಕಪ್ಪೆಯಾಗಿದ್ದೆ. ಅರ್ಧಕ್ಕೆ ಏಳುವಂತಿಲ್ಲ, ಹಿಂದೆ ಅಷ್ಟೂ ಮರಿಗಳು ಕುಪ್ಪಳಿಸುತ್ತ ಬರುತ್ತಿವೆ. ಬಾಗಿಲ ತನಕ ಕುಪ್ಪಳಿಸಿ ಹೋಗಿಯೇ ನಮಸ್ಕಾರ ಹೇಳಿದೆ. ನಲವತ್ತು ದಾಟಿದ ಹೆಂಗಸಿಗೆ ಸಂಬಳ ಕೊಟ್ಟು ಕುಪ್ಪಳಿಸಲು ಹೇಳುವ ನೌಕರಿ ಬೇರೆ ಯಾವ ಇಲಾಖೆಯಲ್ಲಿದೆ?

ಈ ಮಕ್ಕಳ ಪ್ರಕಾರ ಟೀಚರು ಶಾಲೆಯಲ್ಲೇ ಇರುವ ವಸ್ತು. ಸಂಜೆ ಬೀಗ ಹಾಕಿದ ಮೇಲೂ ಒಳಗೇ ಇರುತ್ತಾಳೆ, ಬೆಳಗ್ಗೆ ಬಾಗಿಲು ತೆಗೆದಾಗ ಸಿಗುತ್ತಾಳೆ. ಹಾಗಾಗಿ ಸಂತೆಯಲ್ಲಿ ನಾನು ಕಂಡರೆ ಅವರಿಗೆ ಗಾಬರಿ. ಶಾಲೆಯಲ್ಲಿ ನನ್ನ ಸೆರಗು ಬಿಡದವಳು ಅಲ್ಲಿ ಅಮ್ಮನ ಹಿಂದೆ ಅಡಗುತ್ತಾಳೆ. ಒಂದು ಕಣ್ಣು ಮಾತ್ರ ಹೊರಗೆ. ಮರುದಿನ ಬೆಳಗ್ಗೆ ಇಡೀ ತರಗತಿಗೆ ಸುದ್ದಿ: “ಮಿಸ್ಸು ಈರುಳ್ಳಿ ತಗೊಂಡ್ರು. ಚೌಕಾಸಿ ಮಾಡುದ್ರು!”

ನೆಂಟರ ಮನೆಯ ಮದುವೆಗಳಲ್ಲಿ, “ಇನ್ನೂ ಒಂದನೇ ಕ್ಲಾಸೇನಾ?” ಎಂದು ಕೇಳುವವರು ಇದ್ದೇ ಇರುತ್ತಾರೆ, ಪಾಠ ಹೇಳುವವರೂ ಮಕ್ಕಳ ಜೊತೆ ಪಾಸಾಗಿ ಮುಂದೆ ಹೋಗಬೇಕು ಎಂಬ ಲೆಕ್ಕದಲ್ಲಿ. ಹಿರಿಯ ತರಗತಿ ಕಲಿಸುವುದೇ ದೊಡ್ಡಸ್ತಿಕೆ ಎಂಬ ಭ್ರಮೆ ನಮ್ಮ ಸ್ಟಾಫ್ ರೂಮಿನಲ್ಲೂ ಇದೆ. ಅನುಭವ ಸಾಲದವರನ್ನು ತಂದು ಒಂದನೇ ತರಗತಿಗೆ ಹಾಕುವ ರೂಢಿಯೂ ಇದೆ. ತಿರುಗುಮುರುಗಾಗಿರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಈ ಸಲ ಹೆಡ್‌ಮಾಸ್ಟರು, “ನಿಮಗೆ ಐದನೇ ತರಗತಿ ಕೊಡಲಾ?” ಎಂದು ಕೇಳಿದರು. ಬೇಡ ಸಾರ್ ಅಂದೆ.

ಹಾಗಾಗಿ ಜೂನಿನಿಂದ ಮತ್ತೆ ನಲಿ-ಕಲಿ ಕೋಣೆಯೇ. ಸಾಮಾನು ಸಾಲದು. ನಿಮ್ಮ ಮನೆಯಲ್ಲಿ ಹುಣಸೆಬೀಜ, ಒಡೆಯದ ಗುಂಡಿ, ಬಾಟಲಿ ಮುಚ್ಚಳ, ಒಂದು ಬದಿ ಖಾಲಿ ಇರುವ ಹಳೆಯ ಲಗ್ನಪತ್ರಿಕೆ ಇದ್ದರೆ ಕಸಕ್ಕೆ ಹಾಕಬೇಡಿ. ಹತ್ತಿರದ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ತಲುಪಿಸಿ. ಹೋಗುವುದು ಬೆಳಗ್ಗೆ ಹತ್ತೂವರೆಯ ಮೇಲಿರಲಿ. ಅದಕ್ಕೆ ಮುಂಚೆ ಅಲ್ಲಿ ಪಂಚಾಯಿತಿ ನಡೆಯುತ್ತಿರುತ್ತದೆ, ನಿಮ್ಮನ್ನೂ ಸಾಕ್ಷಿಗೆ ಕರೆದಾರು.